ಮೊಸಳೆಯ ಹಲ್ಲು, ಸರ್ಕಾರದ ಮರಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಚೆಸಾಪೀಕ್ ಕೊಲ್ಲಿಯ ದಂಡೆಯ ಮೇಲೆ ಕ್ಯಾಲ್ವರ್ಟ್ ಕ್ಲಿಫ್ಸ್ ಎಂಬ ಸರ್ಕಾರಿ ಉದ್ಯಾನವಿದೆ. ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಮರಳಿನಲ್ಲಿ ನನಗೊಂದು ಕಂದುಗಪ್ಪು ಹಲ್ಲು ದೊರೆಯಿತು. ಅಲ್ಲಿ ಹೇರಳವಾಗಿ ಸಿಗುವುದು ಶಾರ್ಕ್ ಹಲ್ಲು, ಅದು ಚಪ್ಪಟೆ. ಇದಾದರೋ ಶಂಕುವಿನಾಕಾರ, ಮೈಮೇಲೆ ಸೂಕ್ಷ್ಮ ಗೆರೆಗಳು, ಬುಡ ಟೊಳ್ಳು. ಮೊಸಳೆಯದು! ಮಯೋಸೀನ್ ಕಾಲದಲ್ಲಿ, ಸುಮಾರು 1ರಿಂದ 2 ಕೋಟಿ ವರ್ಷಗಳ ಹಿಂದೆ, ಅಲ್ಲಿ ಬೆಚ್ಚನೆಯ, ಆಳವಿಲ್ಲದ ಕಡಲಿತ್ತು. ಮೊಸಳೆಗೆ ಜೀವನವಿಡೀ ಹಲ್ಲು ಉದುರಿ ಹೊಸದು ಹುಟ್ಟುತ್ತದೆ. ಆದ್ದರಿಂದ ಹಲ್ಲು ಸಿಕ್ಕಿತೆಂದರೆ ಅಲ್ಲೊಂದು ಮೊಸಳೆ ಸತ್ತಿತ್ತೆಂದು ಅರ್ಥವಲ್ಲ.

ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಹಲ್ಲಿಗಿಂತ ಅಲ್ಲಿನ ನಿಯಮವೇ ಸೋಜಿಗವೆನಿಸಿತು. ದಂಡೆಯ ಮೇಲೆ ಬಿದ್ದದ್ದನ್ನು ಯಾರು ಬೇಕಾದರೂ ಒಯ್ಯಬಹುದು. ಪಕ್ಕದ ಕಡಿದಾದ ಮಣ್ಣುದಿಬ್ಬವನ್ನು ಮಾತ್ರ ಅಗೆಯುವಂತಿಲ್ಲ, ಅದರ ಬುಡದಲ್ಲಿ ನಡೆಯುವಂತೆಯೂ ಇಲ್ಲ, ಕುಸಿಯುವ ಭಯ. ಬಿದ್ದ ಹಲ್ಲನ್ನು ಅಲೆ ಹೇಗೂ ಸವೆಸಿಬಿಡುತ್ತದೆ, ಎತ್ತಿಕೊಂಡವನು ಉಳಿಸಿಯಾನು. ದಿಬ್ಬದೊಳಗಿರುವುದು ತಾನು ಯಾವ ಪದರದ್ದೆಂಬ ಸಾಕ್ಷ್ಯವನ್ನೂ ಹೊತ್ತಿರುತ್ತದೆ. ಕಿತ್ತೊಡನೆ ಅದು ನಷ್ಟ. ಅಧಿಕಾರದಲ್ಲಿದ್ದಾಗ ನಾನಾಗಿದ್ದರೆ 'ಅನುಮತಿಯಿಲ್ಲದೆ ಏನನ್ನೂ ಮುಟ್ಟಕೂಡದು' ಎಂದು ಸುತ್ತೋಲೆ ಹೊರಡಿಸುತ್ತಿದ್ದೆ. ಮರಳು ಕಾಯುವ ಸಿಬ್ಬಂದಿಯನ್ನು ಎಲ್ಲಿಂದ ತರುತ್ತಿದ್ದೆನೋ!

ಹಲ್ಲು ಈಗ ಮೊಮ್ಮಗಳ ಬಳಿಯಿದೆ. ಶಾಲೆಗೆ ಒಯ್ದು ಎಲ್ಲರ ಕೈಗೂ ಕೊಟ್ಟಳಂತೆ.