ಟ್ರೇ ಹಿಡಿಯುವುದಷ್ಟೇ ಸಿಸ್ಟರ್ ಕೆಲಸವೇ? ಗರ್ಭಪಾತದ ಸುತ್ತಲಿನ ತಪ್ಪು ಕಲ್ಪನೆಗಳು

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಸ್ಕ್ಯಾನಿಂಗ್ ಮಾಡಿ, ಹೆಣ್ಣೆಂದು ಗೊತ್ತಾದರೆ ಮೈಸೂರಿನ ಖಾಸಗಿ ಆಸ್ಪತ್ರೆಗೆ ಕರೆತಂದು ಗರ್ಭ ತೆಗೆಯುತ್ತಿದ್ದರು ಎಂಬುದು ಆರೋಪ. ಬಂಧಿತರಲ್ಲಿ ವೈದ್ಯರಿದ್ದರು, ಲ್ಯಾಬ್ ಟೆಕ್ನೀಷಿಯನ್ನರಿದ್ದರು, ನರ್ಸ್ ಕೂಡ ಇದ್ದರು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಇಂಥ ಸುದ್ದಿಯ ಬೆನ್ನಿಗೇ ಒಂದು ಗೊಂದಲವೂ ಬೇರೂರುತ್ತದೆ. ‘ಅಬಾರ್ಷನ್’ ಎಂದ ಕೂಡಲೇ ಪೊಲೀಸರ ನೆನಪಾಗುತ್ತದೆ. ಕಾನೂನಿನ ಪ್ರಕಾರವೇ ಆಸ್ಪತ್ರೆಗೆ ಬರಬಹುದಾಗಿದ್ದ ಹೆಣ್ಣುಮಗಳು ಹೆದರಿ ಹಿಂದೆ ಸರಿಯುತ್ತಾಳೆ.

‘ಗರ್ಭ ತೆಗೆಸೋದೇ ಅಪರಾಧ, ಕೈಯಿಟ್ಟ ಸಿಸ್ಟರಿಗೂ ಜೈಲು’

ಇಲ್ಲಿ ಎರಡು ಕಾಯ್ದೆಗಳು ಕಲಸಿಹೋಗಿವೆ. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು, ಹೇಳುವುದನ್ನು ನಿಷೇಧಿಸಿರುವುದು 1994ರ ಕಾಯ್ದೆ. ಗರ್ಭಪಾತಕ್ಕೆ ಅವಕಾಶ ಕೊಟ್ಟಿರುವುದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ. ಎರಡನೆಯದಕ್ಕೆ 2021ರಲ್ಲಿ ತಿದ್ದುಪಡಿಯಾಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕಾಗುತ್ತದೆ. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು ಮುಂತಾದವರಿಗೆ ಇಬ್ಬರು ವೈದ್ಯರ ಒಪ್ಪಿಗೆಯ ಮೇಲೆ 24 ವಾರದವರೆಗೂ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ಅದರಾಚೆಗೂ ವೈದ್ಯಕೀಯ ಮಂಡಳಿ ತೀರ್ಮಾನಿಸಬಹುದು. ಮದುವೆಯಾಗದ ಹೆಣ್ಣಿಗೂ ಇದೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಸ್ಪಷ್ಟಪಡಿಸಿತು. ಈ ಚೌಕಟ್ಟಿನೊಳಗೆ ಅರ್ಹ ವೈದ್ಯರ ಜೊತೆ ಕೆಲಸ ಮಾಡುವ ಸಿಸ್ಟರ್ ಯಾವ ಅಪರಾಧವನ್ನೂ ಮಾಡುತ್ತಿಲ್ಲ.

‘ಗಂಡ ಸೈನ್ ಹಾಕದೆ ಆಗೋದಿಲ್ಲ’

ಹದಿನೆಂಟು ತುಂಬಿದ ಹೆಣ್ಣಿನ ಸಹಿಯೊಂದೇ ಸಾಕು. ಗಂಡನದೂ ಬೇಡ, ಅತ್ತೆಯದೂ ಬೇಡ. ಒಪ್ಪಿಗೆಯ ಫಾರಂ ಹಿಡಿದು ಮೊದಲು ಎದುರಿಗೆ ನಿಲ್ಲುವವರು ಬಹಳ ಸಲ ಸಿಸ್ಟರೇ. ‘ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ’ ಎಂದು ಅವರ ಬಾಯಿಂದ ಬಂದರೆ, ಕಾನೂನು ಕೊಟ್ಟ ಹಕ್ಕು ಕೌಂಟರಿನಲ್ಲೇ ಕಳೆದುಹೋಗುತ್ತದೆ. ಹದಿನೆಂಟರ ಒಳಗಿನವರಿಗಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

‘ಸಿಸ್ಟರ್ ಕೆಲಸ ಡಾಕ್ಟರಿಗೆ ಟ್ರೇ ಹಿಡಿಯೋದು’

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ಕಲ್ಪನೆ ಇದು. ಆರಂಭದ ವಾರಗಳಲ್ಲಿ ನಿರ್ವಾತದಿಂದ ಗರ್ಭಕೋಶ ತೆರವು ಮಾಡಲು ಡಾಕ್ಟರಿಗೆ ಕೆಲವೇ ನಿಮಿಷ ಸಾಕು. ಮಿಕ್ಕ ಹೊತ್ತೆಲ್ಲ ಆ ಹೆಣ್ಣು ಸಿಸ್ಟರ್ ಕೈಯಲ್ಲಿರುತ್ತಾಳೆ. ಕೊನೆಯ ಮುಟ್ಟು ಯಾವಾಗ ಎಂದು ಕೇಳಿ ವಾರ ಲೆಕ್ಕ ಹಾಕುವುದು, ರಕ್ತಹೀನತೆ ಇದೆಯೇ, ರಕ್ತದ ಗುಂಪು ನೆಗೆಟಿವ್ ಇದೆಯೇ ಎಂದು ಪರೀಕ್ಷೆ ಮಾಡಿಸಿ ನೋಡುವುದು, ಬಲವಂತದಿಂದ ಬಂದಿಲ್ಲವಲ್ಲ ಎಂದು ಜೊತೆಗೆ ಬಂದವರನ್ನು ಆಚೆ ಕೂರಿಸಿ ವಿಚಾರಿಸುವುದು, ಉಪಕರಣಗಳನ್ನು ಕ್ಲೋರಿನ್ ದ್ರಾವಣದಲ್ಲಿ ನೆನೆಸಿ ತೊಳೆದು ಕ್ರಿಮಿಶುದ್ಧ ಮಾಡುವುದು, ನೋವಿನ ಮಾತ್ರೆಯನ್ನು ಸಮಯಕ್ಕೆ ಕೊಡುವುದು, ಆಮೇಲೆ ನಾಡಿ, ಬಿಪಿ, ರಕ್ತಸ್ರಾವ ನೋಡುತ್ತಾ ಇರುವುದು.

ಈ ‘ನೋಡುತ್ತಾ ಇರುವುದು’ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ಮನೆಯೊಂದು ಭಾರೀ ಬೆಲೆ ತೆತ್ತಿದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ರಕ್ತ ನಂಜಾಗಿ ತೀರಿಕೊಂಡರು. ಅವರಿಗೆ 31 ವರ್ಷ, 17 ವಾರದ ಗರ್ಭ. ಗರ್ಭ ಉಳಿಯುವುದಿಲ್ಲ ಎಂದು ತಿಳಿದಿದ್ದರೂ ಭ್ರೂಣದ ಎದೆಬಡಿತ ಇದ್ದುದರಿಂದ ಅದನ್ನು ತೆಗೆಯಲು ಆಸ್ಪತ್ರೆಯವರು ಒಪ್ಪಲಿಲ್ಲ. ಆ ದೇಶದ ಕಾನೂನು ಎಲ್ಲರ ಕಣ್ಣಿಗೆ ಬಿತ್ತು, 2018ರ ಜನಮತಗಣನೆಯಲ್ಲಿ ಅದು ಬದಲಾಯಿತು ಕೂಡ. ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಸಂಗತಿ ಇನ್ನೊಂದಿದೆ: ಗರ್ಭದ ನೀರಿನ ಚೀಲ ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ನಾಡಿ, ಜ್ವರ, ರಕ್ತದೊತ್ತಡ ನೋಡಬೇಕಿದ್ದುದನ್ನು ಸರಿಯಾಗಿ ನೋಡಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಂತು. ಚಾರ್ಟಿನಲ್ಲಿ ಬರೆಯುವ ಆ ಮೂರು ಅಂಕಿಗಳ ಮೇಲೆ ಜೀವ ನಿಂತಿರುತ್ತದೆ. ಅವನ್ನು ಬರೆಯುವವರು ಸಿಸ್ಟರುಗಳು.

‘ಪರಿಚಯದ ನರ್ಸಮ್ಮ ಇದ್ದಾರೆ, ಅವರೇ ಮಾಡಿಕೊಡ್ತಾರೆ’

ಮಾಡಿಕೊಡಬಾರದು. ಭಾರತದಲ್ಲಿ ಗರ್ಭಪಾತ ಮಾಡಬಲ್ಲವರು ಕಾಯ್ದೆ ಹೇಳಿದ ಅನುಭವ ಅಥವಾ ತರಬೇತಿ ಇರುವ ನೋಂದಾಯಿತ ವೈದ್ಯರು ಮಾತ್ರ. ಬೇರೆಯವರು ಮಾಡಿದರೆ 2ರಿಂದ 7 ವರ್ಷ ಕಠಿಣ ಸಜೆ. ಜಾಗಕ್ಕೂ ನಿಯಮವಿದೆ: ಸರ್ಕಾರಿ ಆಸ್ಪತ್ರೆಗಳಿಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ, ಖಾಸಗಿಯವರು ಅನುಮತಿ ಪಡೆದಿರಬೇಕು.

ಆದರೆ ಇದರಿಂದ ‘ನರ್ಸುಗಳಿಗೆ ಅಷ್ಟು ಸಾಮರ್ಥ್ಯವಿಲ್ಲ’ ಎಂಬ ತೀರ್ಮಾನಕ್ಕೆ ಬಂದರೆ ಅದೂ ತಪ್ಪೇ. ತರಬೇತಾದ ನರ್ಸುಗಳು ಕೈಪಂಪಿನ ನಿರ್ವಾತ ವಿಧಾನವನ್ನು ವೈದ್ಯರಷ್ಟೇ ಸುರಕ್ಷಿತವಾಗಿ ಮಾಡಬಲ್ಲರು ಎಂದು ಬಿಹಾರ ಮತ್ತು ಜಾರ್ಖಂಡ್‌ನಲ್ಲಿ ನಡೆದ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೂ 2022ರಲ್ಲೂ ಆರಂಭದ ವಾರಗಳ ಗರ್ಭಪಾತಕ್ಕೆ ನರ್ಸುಗಳನ್ನು ತೊಡಗಿಸಬಹುದು ಎಂದಿತು. ಪಕ್ಕದ ನೇಪಾಳದಲ್ಲಿ ತರಬೇತಾದ ನರ್ಸುಗಳು ಈ ಕೆಲಸ ಮಾಡುತ್ತಲೇ ಇದ್ದಾರೆ. ನಮ್ಮ ಕೇಂದ್ರ ಸರ್ಕಾರದ 2014ರ ಕರಡು ಮಸೂದೆಯಲ್ಲೂ ನರ್ಸುಗಳ ಹೆಸರಿತ್ತು. 2021ರ ತಿದ್ದುಪಡಿಗೆ ಬರುವ ಹೊತ್ತಿಗೆ ಅದು ಬಿಟ್ಟುಹೋಗಿತ್ತು. ಆ ಬಾಗಿಲನ್ನು ಮತ್ತೆ ತೆರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಚ್.ಡಿ. ಕೋಟೆಯ ಹಾಡಿಯಿಂದ ಮೈಸೂರಿಗೆ ಬಸ್ಸು ಹತ್ತಿ ಬರುವವಳಿಗೆ ಹತ್ತಿರದಲ್ಲೇ ತರಬೇತಾದ ಸಿಸ್ಟರ್ ಇದ್ದರೆ ಒಂದು ವಾರವಾದರೂ ಉಳಿಯುತ್ತದೆ. ಗರ್ಭಪಾತದಲ್ಲಿ ತಡವಾದಷ್ಟೂ ಅಪಾಯ ಹೆಚ್ಚು.

‘ಮೆಡಿಕಲ್ ಶಾಪಿನ ಮಾತ್ರೆ ನುಂಗಿದ್ರೆ ಮುಗೀತು’

2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದವು, ಅವುಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಧ್ಯಯನವೊಂದು ಅಂದಾಜಿಸಿದೆ. ಮಾತ್ರೆಯೇನೂ ವಿಷವಲ್ಲ. ಒಂಬತ್ತು ವಾರದೊಳಗೆ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಆದರೆ ಗರ್ಭನಾಳದಲ್ಲಿ ಕಟ್ಟಿದ ಗರ್ಭಕ್ಕೆ ಈ ಮಾತ್ರೆ ನಾಟುವುದಿಲ್ಲ. ನಾಳ ಒಡೆದರೆ ಪ್ರಾಣಕ್ಕೇ ಸಂಚಕಾರ. ಎಷ್ಟು ರಕ್ತ ಹೋದರೆ ಸಹಜ, ಎಷ್ಟಾದರೆ ಓಡಿಬರಬೇಕು ಎಂದು ಅಂಗಡಿಯವರು ಹೇಳುವುದಿಲ್ಲ. ಸಿಸ್ಟರ್ ಹೇಳುತ್ತಾರೆ: ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ಕಾಯಬೇಡಿ. ಜ್ವರ ಇಳಿಯದಿದ್ದರೂ, ವಾಸನೆಯ ಸ್ರಾವವಿದ್ದರೂ, ತಲೆಸುತ್ತಿ ಬಿದ್ದರೂ ಕಾಯಬೇಡಿ. ಹದಿನೈದನೇ ದಿನ ಒಮ್ಮೆ ಬಂದು ತೋರಿಸಿ.

ಮಾತ್ರೆ ನುಂಗಿ ರಕ್ತ ನಿಲ್ಲದೆ ಬಂದವಳಿಗೆ ಬೈಗುಳ ಸಿಕ್ಕರೆ, ಇನ್ನೊಬ್ಬಳಿಗೆ ಇದೇ ಕಷ್ಟ ಬಂದಾಗ ಆಸ್ಪತ್ರೆಗೆ ಹೋಗಬೇಡ ಎನ್ನುವವಳು ಅವಳೇ. ಸಿಸ್ಟರುಗಳಿಗೆ ಇದನ್ನು ಕೈಮುಗಿದು ಹೇಳುತ್ತೇನೆ.

‘ಒಂದ್ಸಲ ತೆಗೆಸಿದ್ರೆ ಮತ್ತೆ ನಿಲ್ಲೋದಿಲ್ಲ’

ಸುರಕ್ಷಿತವಾಗಿ ಆದ ಗರ್ಭಪಾತದಿಂದ ಬಂಜೆತನ ಬರುವುದಿಲ್ಲ. ವಾಸ್ತವದಲ್ಲಿ ಎರಡು ವಾರದೊಳಗೇ ಮತ್ತೆ ಅಂಡ ಬಿಡುಗಡೆಯಾಗಬಹುದು, ಮುಂದಿನ ಮುಟ್ಟಿಗೂ ಮೊದಲೇ ಗರ್ಭ ನಿಲ್ಲಬಹುದು. ಆದ್ದರಿಂದಲೇ ಮನೆಗೆ ಕಳಿಸುವ ಮುನ್ನ, ಗರ್ಭ ನಿಲ್ಲದಂತೆ ತಡೆಯಲು ‘ಛಾಯಾ’ ಮಾತ್ರೆಯೋ, ‘ಅಂತರಾ’ ಚುಚ್ಚುಮದ್ದೋ, ಕಾಪರ್-ಟಿಯೋ ಎಂದು ಸಿಸ್ಟರ್ ವಿವರಿಸಬೇಕು. ಆಯ್ಕೆ ಆ ಹೆಣ್ಣಿನದು. ಕಾಪರ್-ಟಿ ಹಾಕಿಸಿಕೊಂಡರೆ ಮಾತ್ರ ಗರ್ಭ ತೆಗೆಯುತ್ತೇವೆ ಎಂದು ಷರತ್ತು ಹಾಕುವಂತಿಲ್ಲ. ಈ ಮಾತುಕತೆಗೆ ನಮ್ಮೂರಲ್ಲಿ ಹಳೆಯ ಬೇರುಗಳೂ ಇವೆ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ, ಜಗತ್ತಿನ ಬಹುಪಾಲು ಸರ್ಕಾರಗಳು ಹಿಂಜರಿಯುತ್ತಿದ್ದಾಗ, ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು.

‘ಹೆಸರು ಊರಿಗೆಲ್ಲ ಗೊತ್ತಾಗುತ್ತೆ’

ಗೊತ್ತಾಗಬಾರದು, ಗೊತ್ತುಮಾಡಿದರೆ ಶಿಕ್ಷೆಯಿದೆ. ದಾಖಲಾತಿ ರಿಜಿಸ್ಟರ್ ಗುಪ್ತ ದಾಖಲೆ. ಕೇಸ್ ಶೀಟ್, ಥಿಯೇಟರ್ ಪುಸ್ತಕ, ಮತ್ತೆ ಬರಬೇಕಾದ ದಿನ ಬರೆದ ಚೀಟಿ, ಯಾವುದರಲ್ಲೂ ಹೆಸರು ಇರಬಾರದು, ಕ್ರಮಸಂಖ್ಯೆ ಮಾತ್ರ ಇರಬೇಕು. 2021ರ ತಿದ್ದುಪಡಿಯ ನಂತರ ವೈದ್ಯರು ಗುಟ್ಟು ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ವಾರ್ಡಿನಲ್ಲಿ ಎಲ್ಲರೆದುರು ‘ಅಬಾರ್ಷನ್ ಕೇಸ್ ಯಾರು ಬನ್ನಿ’ ಎಂದು ಕೂಗಿದರೆ ಈ ಗೌಪ್ಯತೆಯೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಸಂಖ್ಯೆ ಹೇಳಿ ಕರೆಯುವಂತೆ ಸಿಸ್ಟರನ್ನು ಕೇಳಿಕೊಳ್ಳುವ ಹಕ್ಕು ಅಲ್ಲಿ ಕೂತ ಪ್ರತಿ ಹೆಣ್ಣಿಗೂ ಇದೆ.