ಕೆಲಸಗಾರನ ಗಾಯವೂ ಸಂಸಾರದ ಸಾಲವೂ

ಕಾರ್ಖಾನೆಯಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿತೆಂಬ ಸುದ್ದಿ ಕೇಳಿದಾಗ ನಾವು ಮರುಗುತ್ತೇವೆ. ಗಾಯ ಮಾಯಿತೆಂದು ತಿಳಿದಾಗ ಸಮಾಧಾನ ಹೊಂದುತ್ತೇವೆ. ಆದರೆ ಗಾಯ ಮಾಯುವುದು ಒಂದು, ಗಾಯದ ಹೊರೆ ತೀರುವುದು ಮತ್ತೊಂದು. ಮೊದಲನೆಯದು ವೈದ್ಯರಿಗೆ ಸೇರಿದ ವಿಷಯ; ಎರಡನೆಯದು ನ್ಯಾಯಕ್ಕೂ ಅರ್ಥಶಾಸ್ತ್ರಕ್ಕೂ ಸೇರಿದ್ದು. ಪರಿಹಾರ ದೊರೆಯದ ಕೆಲಸಗಾರನ ಸಂಸಾರ ಯಾವ ಬಗೆಯಾಗಿ ಕುಸಿಯುತ್ತದೆ, ಅದನ್ನು ತಡೆಯಲು ಕಾಯಿದೆಯು ಏನು ಮಾಡಿದೆ, ಕಾಯಿದೆಯಿದ್ದೂ ಕಷ್ಟವೇಕೆ ಉಳಿದಿದೆ ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಹಿಂದಿನ ಕಾಲದಲ್ಲಿ ಗಾಯಗೊಂಡ ಆಳು ಯಜಮಾನನಿಂದ ಏನನ್ನಾದರೂ ಪಡೆಯಬೇಕಾದರೆ, ಯಜಮಾನನದೇ ತಪ್ಪೆಂದು ರುಜುವಾತುಪಡಿಸಬೇಕಾಗಿತ್ತು. 1837ರಲ್ಲಿ ಇಂಗ್ಲೆಂಡಿನಲ್ಲಿ ಮಾಂಸದ ವ್ಯಾಪಾರಿಯೊಬ್ಬನ ಆಳು, ಹೆಚ್ಚು ಹೊರೆ ಹೇರಿದ ಬಂಡಿಯ ದೆಸೆಯಿಂದ ಗಾಯಗೊಂಡು ದಾವೆ ಹೂಡಿದನು. ನ್ಯಾಯಾಲಯ ಅವನ ಕೋರಿಕೆಯನ್ನು ಒಪ್ಪಲಿಲ್ಲ. ಕ್ರಮೇಣ ಮೂರು ಉತ್ತರಗಳು ಯಜಮಾನರಿಗೆ ಕವಚವಾದವು: ತಪ್ಪು ಜೊತೆಯ ಕೆಲಸಗಾರನದು, ಪೆಟ್ಟು ತಿಂದವನೂ ಅಜಾಗರೂಕನಾಗಿದ್ದನು, ಅಪಾಯವನ್ನು ತಿಳಿದೇ ಅವನು ಕೆಲಸಕ್ಕೆ ಸೇರಿದನು. ಈ ಮೂರರಲ್ಲಿ ಒಂದು ಸಾಕು, ದಾವೆ ಬಿದ್ದುಹೋಗುತ್ತಿತ್ತು.

ಇದರ ಫಲವೇನೆಂಬುದನ್ನು ಅಮೆರಿಕದ ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಮಹಿಳೆ ಲೆಕ್ಕ ಹಾಕಿ ತೋರಿಸಿದರು. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಪಿಟ್ಸ್‌ಬರ್ಗಿನ ಸೀಮೆಯಲ್ಲಿ, 1906ರ ಜುಲೈಯಿಂದ ಒಂದು ವರ್ಷದಲ್ಲಿ 526 ಮಂದಿ ಕೆಲಸದಲ್ಲಿ ಮಡಿದಿದ್ದರು. ಮಡಿದ ಗೃಹಸ್ಥರ ಸಂಸಾರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಯಜಮಾನರಿಂದ ಬಂದದ್ದು ನೂರು ಡಾಲರಿಗೆ ಮೀರಲಿಲ್ಲ. ಅನೇಕರಿಗೆ ಏನೂ ಬರಲಿಲ್ಲ. ಈ ವಿಚಾರಣೆಯ ಫಲಿತಾಂಶವು 1910ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು.

ಹೊಸ ತತ್ತ್ವವನ್ನು ಮೊದಲು ಜಾರಿಗೆ ತಂದದ್ದು ಜರ್ಮನಿ, 1884ರಲ್ಲಿ. ಇಂಗ್ಲೆಂಡು 1897ರಲ್ಲಿ ಅದನ್ನು ಒಪ್ಪಿತು. ನಮ್ಮ ದೇಶದ ಕೆಲಸಗಾರರ ಪರಿಹಾರ ಕಾಯಿದೆಯು 1923ರಲ್ಲಿ ರಚಿತವಾಗಿ 1924ರ ಜುಲೈ 1ರಿಂದ ನಡೆಯಿತು. ಅದರ ಸಾರವು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ; ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ತಪ್ಪು ಯಾರದೆಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಪೆಟ್ಟು ಕೆಲಸದ ದೆಸೆಯಿಂದ, ಕೆಲಸದ ಅವಧಿಯಲ್ಲಿ ಆಯಿತೇ ಎಂಬುದೇ ಮುಖ್ಯ. ಯಂತ್ರ ಮುರಿದರೆ ಅದರ ದುರಸ್ತಿಯ ವೆಚ್ಚವನ್ನು ಉದ್ಯಮದ ಖರ್ಚಿಗೆ ಬರೆಯುತ್ತಾರೆ. ಯಂತ್ರ ನಡೆಸುವವನ ಕೈ ಮುರಿದರೆ ಅದನ್ನೂ ಅದೇ ಖಾತೆಗೆ ಬರೆಯುವುದು ನ್ಯಾಯ.

ಪರಿಹಾರವನ್ನು ನಿರಾಕರಿಸಿದ ಮಾತ್ರಕ್ಕೆ ಈ ಖರ್ಚು ಇಲ್ಲವಾಗುವುದಿಲ್ಲ; ಖಾತೆ ಬದಲಾಗುತ್ತದೆ, ಅಷ್ಟೆ. ಉದ್ಯಮದ ಪುಸ್ತಕದಿಂದ ಅಳಿಸಿದ ಮೊಬಲಗು ಕೂಲಿಯವನ ಮನೆಯ ಬಾಗಿಲಿಗೆ ಬರುತ್ತದೆ. ಮೊದಲು ಕೈಗಂಟು ಆಸ್ಪತ್ರೆಗೂ ಔಷಧಕ್ಕೂ ಹೋಗುತ್ತದೆ. ಬಳಿಕ ದಿನಸಿ ಅಂಗಡಿಯವನು ಹಳೆಯ ಬಾಕಿಯನ್ನು ಕೇಳಿ ಹೊಸ ಉದ್ರಿಯನ್ನು ನಿಲ್ಲಿಸುತ್ತಾನೆ. ಹೆಂಡತಿಯ ಓಲೆ, ಮೂಗುಬೊಟ್ಟು ಗಿರವಿಗೆ ಹೋಗುತ್ತವೆ. ಆಮೇಲೆ ಕೈಸಾಲ, ಆಮೇಲೆ ಕಸುಬಿನ ಉಪಕರಣಗಳ ಮಾರಾಟ, ಕೊನೆಗೆ ಮಗನ ಶಾಲೆ ಬಿಡಿಸುವುದು. ಈ ಕ್ರಮವನ್ನು ಗಮನಿಸಬೇಕು. ಮೊದಲು ಕರಗುವುದು ಹಿಂದೆ ಕೂಡಿಟ್ಟದ್ದು; ಕೊನೆಗೆ ಕರಗುವುದು ಮುಂದೆ ಗಳಿಸತಕ್ಕ ಶಕ್ತಿ. ಆದುದರಿಂದ ಐದು ವರ್ಷದ ಮೇಲೆ ಬಂದ ಹಣ ಓಲೆಯನ್ನು ಬಿಡಿಸಿಕೊಟ್ಟೀತು. ಮಗನ ಶಾಲೆಯ ಐದು ವರ್ಷಗಳನ್ನು ತಂದುಕೊಡಲಾರದು. ತಡವೆಂಬುದು ಬಡವನ ಪಾಲಿಗೆ ನಿರಾಕರಣೆಯ ಇನ್ನೊಂದು ಹೆಸರು.

ಇಲ್ಲಿ ಬಡ್ಡಿಯ ಲೆಕ್ಕವನ್ನೂ ನೋಡತಕ್ಕದ್ದು. ಪರಿಹಾರವು ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗಾಗಿ ಕೊಡದ ಯಜಮಾನನು ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ತೆರಬೇಕೆಂದು ಕಾಯಿದೆ ಹೇಳುತ್ತದೆ. 50,000 ರೂಪಾಯಿಗೆ ಇದು ವರ್ಷಕ್ಕೆ 6,000. ಆದರೆ ಕೈಸಾಲ ಕೊಡುವವನು ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಕೇಳಿದರೆ, ಅದೇ 50,000ಕ್ಕೆ ವರ್ಷಕ್ಕೆ 18,000. ಮೂರು ವರ್ಷಕ್ಕೆ 54,000, ಎಂದರೆ ಅಸಲಿಗಿಂತ ಹೆಚ್ಚು. ಕಾಯುವುದರಿಂದ ಯಜಮಾನನಿಗೆ ಆಗುವ ನಷ್ಟಕ್ಕೂ ಕೆಲಸಗಾರನಿಗೆ ಆಗುವ ನಷ್ಟಕ್ಕೂ ಇಷ್ಟು ಅಂತರವಿರುವಾಗ, ಯಾರು ಮೊದಲು ಸೋಲೊಪ್ಪುವರೆಂಬುದನ್ನು ಹೇಳಬೇಕಾಗಿಲ್ಲ. ಲಕ್ಷಗಳು ಬರತಕ್ಕ ಕಡೆ ಸಾವಿರಗಳಿಗೆ ರಾಜಿಯಾಗುವುದು ಅಜ್ಞಾನದಿಂದ ಮಾತ್ರವಲ್ಲ, ಹಸಿವಿನಿಂದ.

ಬರತಕ್ಕದ್ದು ಎಷ್ಟೆಂಬುದಕ್ಕೆ ಒಂದು ಉದಾಹರಣೆ. ತಿಂಗಳಿಗೆ 10,000 ರೂಪಾಯಿ ಸಂಬಳದ 30 ವರ್ಷದ ಒಬ್ಬನು ಹೆಬ್ಬೆರಳನ್ನು ಕಳೆದುಕೊಂಡನೆನ್ನಿ. ಪೂರ್ಣ ಅಶಕ್ತತೆಗೆ ಸಂಬಳದ ನೂರಕ್ಕೆ 60ನ್ನು, ಎಂದರೆ 6,000ವನ್ನು, ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸುತ್ತಾರೆ, 12,47,880 ರೂಪಾಯಿ ಆಗುತ್ತದೆ. ಹೆಬ್ಬೆರಳಿಗೆ ನೂರಕ್ಕೆ 30ರ ನಷ್ಟವೆಂದು ಪಟ್ಟಿಯಲ್ಲಿದೆ. ಆದುದರಿಂದ 3,74,364 ರೂಪಾಯಿ ಅವನಿಗೆ ಸಲ್ಲಬೇಕು. ಚಿಕಿತ್ಸೆಯ ವೆಚ್ಚ ಬೇರೆ. ಇದು ಭಿಕ್ಷೆಯಲ್ಲ, ಮುಂದೆ ದುಡಿಯಬೇಕಾಗಿದ್ದ ಕೂಲಿಯ ಒಂದು ಭಾಗ. ಕಾರ್ಮಿಕರ ರಾಜ್ಯ ವಿಮೆಗೆ ಸೇರಿದವರಿಗೆ ಈ ಲೆಕ್ಕವಲ್ಲ. ಅವರಿಗೆ ವಿಮಾ ನಿಗಮವೇ ಹಣ ಕೊಡುತ್ತದೆ.

ಒರಿಸ್ಸಾದ ಒಬ್ಬ ಬಡಗಿಯ ಮೊಕದ್ದಮೆ ಇಲ್ಲಿ ನೆನೆಯತಕ್ಕದ್ದು. 1968ರ ಜುಲೈ 6ರಂದು ಅವನು ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದಾಗ ಬಿದ್ದನು, ಎಡಗೈಯನ್ನು ತೆಗೆಯಬೇಕಾಯಿತು. ಅವನು ತನ್ನ ಆಳಲ್ಲ, ಗುತ್ತಿಗೆಯವನು ಎಂದು ಮಾಲೀಕನ ವಾದ. ಬಡಗಿಯ ಸಂಬಳ ತಿಂಗಳಿಗೆ 120 ರೂಪಾಯಿ. ಅಧಿಕಾರಿಯು ವಿಧಿಸಿದ ಪರಿಹಾರ 9,800 ರೂಪಾಯಿ, ಅದರ ಮೇಲೆ ಅರ್ಧದಷ್ಟು ದಂಡ. ಮಾಲೀಕನು ಸುಪ್ರೀಂ ಕೋರ್ಟಿನವರೆಗೆ ಹೋದನು. 1975ರ ಡಿಸೆಂಬರಿನಲ್ಲಿ ಕೋರ್ಟು ಎರಡು ಮಾತುಗಳನ್ನು ಖಚಿತಪಡಿಸಿತು. ಒಂದು: ಒಂದೇ ಕೈಯಿಂದ ಬಡಗಿಯ ಕಸುಬು ಸಾಗದಾದ್ದರಿಂದ ಅವನ ನಷ್ಟ ಪೂರ್ಣ ನಷ್ಟ. ಎರಡು: ಪರಿಹಾರವು ಸಲ್ಲಬೇಕಾದದ್ದು ಅಧಿಕಾರಿಯ ತೀರ್ಪಿನ ದಿನದಿಂದಲ್ಲ, ಅಪಘಾತದ ದಿನದಿಂದಲೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆ ಕೈಯೇ ಹೋದವನಿಗೆ ಅಂತಿಮ ಉತ್ತರ ದೊರೆಯಲು ಏಳು ವರ್ಷಗಳು ಹಿಡಿದವು.

ಇಂದೂ ಕೇಳಿಬರುವ ನೆಪಗಳು ಹೆಚ್ಚು ಬದಲಾಗಿಲ್ಲ. “ಅವನು ನಮ್ಮವನಲ್ಲ, ಮೇಸ್ತ್ರಿಯವನು” ಎನ್ನುತ್ತಾರೆ. ತನ್ನ ಉದ್ಯಮದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಮೂಲ ಯಜಮಾನನ ಹೊಣೆ ತಪ್ಪುವುದಿಲ್ಲ. “ಎಚ್ಚರಿಕೆ ತಪ್ಪಿದ್ದು ಅವನೇ” ಎನ್ನುತ್ತಾರೆ. ಸಾಮಾನ್ಯ ಅಜಾಗರೂಕತೆ ಪರಿಹಾರವನ್ನು ಕೆಡಿಸದು. ಕುಡಿತದ ಅಮಲು, ರಕ್ಷಣೆಯ ನಿಯಮವನ್ನು ಬೇಕೆಂದೇ ಮೀರುವುದು, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದುಹಾಕುವುದು ಇವು ಮಾತ್ರ ಅಡ್ಡಿ. ಮರಣವಾಗಲಿ ಶಾಶ್ವತ ಪೂರ್ಣ ಅಶಕ್ತತೆಯಾಗಲಿ ಸಂಭವಿಸಿದಾಗ ಇವೂ ಅಡ್ಡಿಯಲ್ಲ. “ಏನೂ ಬೇಡವೆಂದು ಬರೆದುಕೊಟ್ಟಿದ್ದಾನೆ” ಎನ್ನುತ್ತಾರೆ. ಕಾಯಿದೆಯಿಂದ ಬಂದ ಈ ಹಕ್ಕನ್ನು ಬಿಟ್ಟುಕೊಡುವ ಕರಾರು ನಿಲ್ಲದು.

ಹಾಗಾದರೆ ಕೊರತೆ ಎಲ್ಲಿದೆ? ಬಹುಮಟ್ಟಿಗೆ ಕಾಗದದಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳದ ಚೀಟಿಯಿಲ್ಲ, ಆಸ್ಪತ್ರೆಯ ಚೀಟಿಯಲ್ಲಿ “ಬಿದ್ದು ಗಾಯ” ಎಂದಿದೆಯೇ ಹೊರತು ಎಲ್ಲಿ ಬಿದ್ದನೆಂಬುದಿಲ್ಲ. ನೋವಿನಲ್ಲಿರುವವನಿಗೆ ಇವನ್ನು ಕೂಡಿಸುವ ಚೈತನ್ಯವಿಲ್ಲ. ಅರ್ಜಿಗೆ ಇರುವ ಎರಡು ವರ್ಷದ ಅವಧಿ ಸದ್ದಿಲ್ಲದೆ ಕಳೆಯುತ್ತದೆ.

ಈ ಕಡೆ ಓದುಬರಹ ಬಲ್ಲ ನಮ್ಮಂತಹವರಿಂದ ಆಗತಕ್ಕ ಉಪಕಾರ ಅಲ್ಪವೇನೂ ಅಲ್ಲ. ನೆರೆಯವನೊಬ್ಬನು ಪೆಟ್ಟುತಿಂದಾಗ, ಅಪಘಾತದ ದಿನ, ಸ್ಥಳ, ಕಂಡವರ ಹೆಸರುಗಳನ್ನು ಆ ವಾರವೇ ಬರೆದಿಡಬಹುದು, ಯಜಮಾನನಿಗೆ ಲಿಖಿತ ತಿಳಿವಳಿಕೆ ಕಳುಹಿಸಿ ಪ್ರತಿಯನ್ನು ಉಳಿಸಿಕೊಡಬಹುದು, ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡವೆಂದು ಹೇಳಬಹುದು, ಅರ್ಜಿಯನ್ನು ಬರೆದುಕೊಡಬಹುದು. ಇನ್ನು ಅಂಗಡಿಯನ್ನೋ ಕಾರ್ಖಾನೆಯನ್ನೋ ನಡೆಸುವ ಶ್ರೋತೃಗಳು ವಿಮೆಯ ಕಂತನ್ನು ಕಟ್ಟುವುದು ಒಳ್ಳೆಯದು, ಮತ್ತು ವಿವಾದವೆದ್ದಾಗ ತಾವು ಒಪ್ಪುವಷ್ಟನ್ನಾದರೂ ಕೂಡಲೆ ಸಲ್ಲಿಸತಕ್ಕದ್ದು. ಕಾಯಿದೆ ಕೇಳುವುದೂ ಅದನ್ನೇ. ಉಳಿದದ್ದನ್ನು ಕುರಿತು ವಾದಿಸಲು ಅವಕಾಶ ಬೇಕಾದಷ್ಟುಂಟು. ಅಷ್ಟರವರೆಗೆ ಆ ಮನೆಯ ಒಲೆ ಉರಿಯುತ್ತಿರಲಿ, ಮಗು ಶಾಲೆಯಲ್ಲಿರಲಿ.