ಗಾಜಿನ ತೊಟ್ಟಿಯಲ್ಲಿ ಮೃದು ಹವಳ

ಹವಳವೆಂದರೆ ನಮ್ಮ ಭಾಗದಲ್ಲಿ ಮೊದಲು ನೆನಪಿಗೆ ಬರುವುದು ತಾಳಿಯ ಸರದಲ್ಲಿ ಕರಿಮಣಿ, ಗುಂಡುಗಳ ನಡುವೆ ಪೋಣಿಸಿದ ಕೆಂಪು ಮಣಿ. ಅದು ಕಲ್ಲೋ, ಬೇರೋ, ಕಾಯಿಯೋ ಎಂದು ವಿಚಾರಿಸಿದವರು ವಿರಳ. ವಾಸ್ತವದಲ್ಲಿ ಅದು ಪ್ರಾಣಿಯೊಂದರ ಎಲುಬಿನಂಥ ಭಾಗ. ಭೂಮಧ್ಯ ಸಮುದ್ರದ ಮಬ್ಬುಗತ್ತಲೆಯಲ್ಲಿ ಅಸಂಖ್ಯ ಸಣ್ಣ ಜೀವಿಗಳು ಒಟ್ಟಾಗಿ ಬಾಳಿ ಕಟ್ಟಿದ ಕೆಂಪು ಟೊಂಗೆಯನ್ನು ಕತ್ತರಿಸಿ, ಉಜ್ಜಿ, ತೂತು ಕೊರೆದು ಮಣಿ ಮಾಡುತ್ತಾರೆ. (ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಹವಳ ಬಹಳ ಮಾಡಿ ಗಾಜು ಇಲ್ಲವೆ ಪ್ಲಾಸ್ಟಿಕ್ ಆಗಿರುವುದು ಬೇರೆ ಮಾತು.) ಈ ಜೀವಿಯ ಬಾಯಿಯ ಸುತ್ತ ಗರಿಯಂಥ ಎಂಟು ಕೈಗಳಿರುತ್ತವೆ. ಕಡಲಲ್ಲಿ ದಿಬ್ಬಗಳನ್ನೇ ಕಟ್ಟುವ ಕಲ್ಲುಹವಳಕ್ಕಾದರೋ ಕೈಗಳು ಆರರ ಲೆಕ್ಕದಲ್ಲಿರುತ್ತವೆ. ಎಂಟು ಕೈಗಳ ಕುಲಕ್ಕೆ ಸೇರಿಯೂ ಗಟ್ಟಿ ಟೊಂಗೆ ಕಟ್ಟದೆ, ಮಾಂಸದೊಳಗೆ ಸುಣ್ಣದ ಸೂಕ್ಷ್ಮ ಚೂರುಗಳನ್ನು ಮಾತ್ರ ಇಟ್ಟುಕೊಂಡು ತೊಗಲಿನಂತೆ ಬಳುಕುವ ದಾಯಾದಿಗಳೇ ಮೃದು ಹವಳಗಳು.

ಕಲಾ ಶಾಖೆಯ ವಿದ್ಯಾರ್ಥಿಗೆ ಕಡಲಜೀವಿಯ ಗೊಡವೆ ಏಕೆಂದು ಗೆಳೆಯರು ಕೇಳುವುದುಂಟು. ಎರಡು ವರ್ಷಗಳಿಂದ ಸಂಜೆಯ ಹೊತ್ತು ನಾನು ಹುಬ್ಬಳ್ಳಿಯ ಒಂದು ಬಣ್ಣದ ಮೀನಿನ ಅಂಗಡಿಯಲ್ಲಿ ದುಡಿಯುತ್ತೇನೆ. ಅಲ್ಲಿರುವ ಸುಮಾರು 200 ಲೀಟರಿನ ಉಪ್ಪುನೀರಿನ ತೊಟ್ಟಿಯ ಆರೈಕೆ ನನ್ನ ಪಾಲಿಗೆ ಬಂದಿದೆ. ಮನೆಯಲ್ಲಿ ಇಂಥ ತೊಟ್ಟಿ ಇಡಬಯಸುವವರಿಗೂ, ಬರಿದೆ ತಿಳಿಯಬಯಸುವವರಿಗೂ ಉಪಯೋಗವಾದೀತೆಂದು ಕಂಡದ್ದನ್ನು, ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನವಲಗುಂದದ ಕಡೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: “ಉಪ್ಪುನೀರ ಬೇಕಂದ್ರ ಚಿಂತಿ ಯಾಕೋ ತಮ್ಮಾ? ನಮ್ಮ ಬೋರಿನ ನೀರ ಸವಳ ಐತಲ್ಲ!” ಪ್ರಶ್ನೆ ನಗುವಂಥದಲ್ಲ. ಎರೆಭೂಮಿಯ ತಳದ ನೀರು ಸವಳಾಗಿರುವುದು ನಿಜ. ಆದರೆ ನಾಲಿಗೆಗೆ ಉಪ್ಪೆನಿಸಿದ ನೀರೆಲ್ಲ ಕಡಲನೀರಲ್ಲ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 85 ಪಾಲು ನಾವು ಉಣ್ಣುವ ಉಪ್ಪೇ. ಉಳಿದ 15 ಪಾಲಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಗೊತ್ತಾದ ಪ್ರಮಾಣದಲ್ಲಿ ಬೆರೆತಿರುತ್ತವೆ. ಹವಳದ ಜೀವ ನಿಂತಿರುವುದು ಈ ಪ್ರಮಾಣದ ಮೇಲೆ. ನಮ್ಮ ಸವಳು ನೀರಿನ ಲವಣಗಳ ಲೆಕ್ಕವೇ ಬೇರೆ; ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಅದರೊಳಗೆ ಇಳಿದಿರಲೂಬಹುದು. ಅಡಿಗೆಯ ಉಪ್ಪು ಕಲಸಿದರೂ ನಡೆಯದು.

ಆದುದರಿಂದ ಮೊದಲು ನೀರಿನಲ್ಲಿದ್ದುದನ್ನೆಲ್ಲ ತೆಗೆದು, ಬಳಿಕ ಬೇಕಾದುದನ್ನು ಕೂಡಿಸಬೇಕು. ಊರೂರಿಗೆ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಡೆಯುವ ಸೋಸುವಿಕೆಯೇ ಇದರ ಮೊದಲ ಹಂತ. ಆ ನೀರಿನಲ್ಲಿಯೂ ಸ್ವಲ್ಪ ಲವಣ ಉಳಿದಿರುವುದರಿಂದ ಇನ್ನೊಂದು ರಾಳದ ಸೋಸುಕದ ಮೂಲಕ ಹಾಯಿಸುತ್ತೇವೆ. ಅನಂತರ ಹವಳದ ತೊಟ್ಟಿಗೆಂದೇ ತಯಾರಾದ ಸಮುದ್ರ ಲವಣವನ್ನು ಲೀಟರಿಗೆ 35 ಗ್ರಾಮಿನಂತೆ ಕರಗಿಸಬೇಕು. ನಮ್ಮ ತೊಟ್ಟಿಗೆ ಮೊದಲ ಸಲ ಏಳು ಕಿಲೋ ಹಿಡಿಯಿತು. ನೀರಿನ ಸಾಂದ್ರತೆ 1.025ರ ಆಸುಪಾಸಿನಲ್ಲಿ, ಉಷ್ಣತೆ 24ರಿಂದ 27 ಡಿಗ್ರಿಯೊಳಗೆ ಇರತಕ್ಕದ್ದು.

ನೀರು ಸಿದ್ಧವಾದ ಮಾತ್ರಕ್ಕೆ ಜೀವಿಯನ್ನು ಬಿಡುವ ಹಾಗಿಲ್ಲ. ಮೀನಿನ ಮಲ, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಕೆಲಸಗಾರರು ತೊಟ್ಟಿಯ ಕಲ್ಲು ಮರಳುಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆವರೆಗೆ ಬರಿ ನೀರು, ಕಲ್ಲುಗಳನ್ನು ನೋಡುತ್ತ ಕೂಡ್ರಬೇಕು. ಗಿರಾಕಿಗಳಿಗೆ ಈ ಮಾತು ಹೇಳುವುದೇ ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ದುಡ್ಡು ಕೊಟ್ಟು ಖಾಲಿ ತೊಟ್ಟಿ ಒಯ್ಯಲು ಯಾರಿಗೂ ಮನಸ್ಸಿಲ್ಲ.

ಇನ್ನು ಹವಳದ ಊಟದ ವಿಷಯ. ನಮ್ಮ ಹೊಲದ ಹೆಸರಿನ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ತೊಟ್ಟಿಯಲ್ಲಿ ಸಾಕುವ ಬಹಳಷ್ಟು ಮೃದು ಹವಳಗಳಲ್ಲಿ ಇಂಥದೇ ಇನ್ನೊಂದು ಒಪ್ಪಂದವಿದೆ. ಅವುಗಳ ಮಾಂಸದೊಳಗೆ ಒಂದೇ ಕೋಶದ ಕಂದು ಪಾಚಿ ವಾಸವಾಗಿದೆ. ಬೆಳಕು ಬಿದ್ದಾಗ ಪಾಚಿ ಸಕ್ಕರೆ ತಯಾರಿಸಿ ಹವಳಕ್ಕೆ ಉಣಿಸುತ್ತದೆ. ಹವಳ ತನ್ನ ಮೈಯ ಇಂಗಾಲಾಮ್ಲವನ್ನೂ ತ್ಯಾಜ್ಯವನ್ನೂ ಪಾಚಿಗೆ ಕೊಡುತ್ತದೆ. ಹೀಗಾಗಿ ಪ್ರಾಣಿಯಾದರೂ ಹವಳಕ್ಕೆ ಬೆಳಕೇ ಮುಖ್ಯ ಆಹಾರ. ನೀಲಿ ಬಿಳಿ ಬೆರೆತ ಎಲ್ಇಡಿ ದೀಪ ದಿನಕ್ಕೆ ಎಂಟೊಂಬತ್ತು ತಾಸು ಉರಿದರೆ ಸಾಕು. ಕಿಟಕಿಯ ಬಿಸಿಲಿಗೆ ಇಟ್ಟರೆ ನೀರು ಕಾಯುತ್ತದೆ, ಬೇಡದ ಪಾಚಿ ಗಾಜಿಗೆ ಹತ್ತುತ್ತದೆ.

ನೀರು ಕಾಯುವುದೇ ದೊಡ್ಡ ಗಂಡಾಂತರ. ಬೇಸಿಗೆಯ ರೂಢಿಯ ಶಾಖಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿ ವಾರಗಟ್ಟಲೆ ನಿಂತರೆ ಒಪ್ಪಂದ ಮುರಿದು, ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಹುದಿನ ಹಾಗೆಯೇ ಉಳಿದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದ ಹವಳದ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿಕೊಂಡವು. ಏಪ್ರಿಲ್ ತಿಂಗಳಲ್ಲಿ ಅಣ್ಣಿಗೇರಿಯ ಪತ್ರಾಸಿನ ಮನೆಯೊಳಗಿನ ತೊಟ್ಟಿಗೂ ಅದೇ ಗತಿ. ನೀರು ತಂಪುಮಾಡುವ ಯಂತ್ರ ದುಬಾರಿ. ಆದರೆ ನಮ್ಮ ಸೀಮೆಗೆ ಒಂದು ಅನುಕೂಲವುಂಟು. ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನಿಂದ ಗಾಳಿ ಬೀಸಿದರೆ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಕಾರಣದಿಂದಲೇ ತೊಟ್ಟಿಯೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಾರವಾರದ ತೇವದ ಗಾಳಿಯಲ್ಲಿ ಈ ಉಪಾಯ ಇಷ್ಟು ಫಲಿಸದು. ಕಡಲಿನಿಂದ ದೂರವಿರುವ ನಮ್ಮ ಒಣಗಾಳಿಯಲ್ಲಿ ಚೆನ್ನಾಗಿ ಫಲಿಸುತ್ತದೆ. ಹೀಗೆ ನೀರು ಆರಿದರೂ ಉಪ್ಪು ಆರುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬೆಳೆಯುವುದೂ ಇದೇ ನಿಯಮದಿಂದ. ಕಾರಣ, ತಗ್ಗಿದಷ್ಟನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು. ಹಳೆಯ ನೀರು ತೆಗೆದು ಹೊಸತು ಹಾಕುವಾಗ ಮಾತ್ರ ಉಪ್ಪುನೀರು. ನಾವು ವಾರಕ್ಕೆ 20 ಲೀಟರ್ ಬದಲಿಸುತ್ತೇವೆ.

ತಾಮ್ರದ ವಿಷಯವಾಗಿ ಒಂದು ಎಚ್ಚರಿಕೆ. ಕುಡಿಯುವ ನೀರನ್ನು ತಾಮ್ರದ ಕೊಡದಲ್ಲಿ ಇಡುವುದು ನಮ್ಮ ಮನೆಗಳ ರೂಢಿ. ಆದರೆ ಬೆಳೆಯ ಬೂಷ್ಟು ರೋಗಕ್ಕೆ ಬಳಸುವ ಮೈಲುತುತ್ತದಲ್ಲಿರುವುದೂ ತಾಮ್ರವೇ. ಹವಳಕ್ಕೆ ಅದರ ಲೇಶವೂ ವಿಷ. ಮೀನಿನ ಕೆಲವು ಔಷಧಗಳಲ್ಲಿಯೂ ಅದು ಇರುತ್ತದೆ. ಆದುದರಿಂದ ತೊಟ್ಟಿಯ ಕೆಲಸಕ್ಕೆ ಪ್ಲಾಸ್ಟಿಕ್ ಪಾತ್ರೆಗಳೇ ಲೇಸು.

ಹೊಸಬರಿಗೆ ನಾನು ಹೇಳುವುದು ನಾಯಿಕೊಡೆಯ ಆಕಾರದ ಸಾರ್ಕೊಫೈಟನ್ ಎಂಬ ತೊಗಲುಹವಳ. ಅದು ಗಟ್ಟಿ ಜೀವ. ಆಗಾಗ ಕೈಗಳನ್ನೆಲ್ಲ ಒಳಗೆ ಎಳೆದುಕೊಂಡು, ಮೇಲೆ ಮೇಣದಂಥ ಪೊರೆ ಬಂದು, ಹಲವು ದಿನ ಸತ್ತಂತೆ ಇರುತ್ತದೆ. ಬಳಿಕ ಹಾವು ಪೊರೆ ಕಳಚಿದಂತೆ ಕಳಚಿ ಮೊದಲಿಗಿಂತ ಚೆಲುವಾಗಿ ಅರಳುತ್ತದೆ. ಇದನ್ನರಿಯದೆ ಜೀವಂತ ಹವಳವನ್ನು ಎಸೆದವರಿದ್ದಾರೆ. ಇದು ನೆರೆಯ ಹವಳಗಳನ್ನು ಹಿಮ್ಮೆಟ್ಟಿಸಲು ನೀರಿಗೆ ರಸ ಬಿಡುವುದೂ ಉಂಟು. ಸೋಸುಕದಲ್ಲಿ ಇದ್ದಿಲು ಇಟ್ಟರೆ ಅದನ್ನು ಹೀರುತ್ತದೆ. ಝೀನಿಯಾ ಎಂಬ ಇನ್ನೊಂದು ಬಗೆ ಮಗುವಿನ ಮುಷ್ಟಿಯಂತೆ ಕೈಗಳನ್ನು ಬಿಚ್ಚುತ್ತ ಮುಚ್ಚುತ್ತ ಇರುತ್ತದೆ. ಇದೇ ಬಳಗದ ಒಂದು ಹವಳವನ್ನು ಕೆಂಪು ಸಮುದ್ರದಲ್ಲಿ ಅಭ್ಯಸಿಸಿದ ಇಸ್ರೇಲಿನ ವಿಜ್ಞಾನಿಗಳು, ಈ ಬಡಿತದಿಂದ ಮೈಸುತ್ತಲಿನ ಆಮ್ಲಜನಕ ಚದುರಿ ಪಾಚಿಯ ಕೆಲಸ ಚುರುಕಾಗುವುದೆಂದು 2013ರಲ್ಲಿ ತೋರಿಸಿದರು. ನೋಡಲು ಬಲು ಸೊಗಸು. ಆದರೆ ಎರೆಹೊಲದ ಕರಿಕೆಯಂತೆ ಹಬ್ಬುತ್ತದೆ. ಮೃದು ಹವಳಗಳ ಸಂಗಡ ಮಾರುವ ಗುಂಡಿಯಾಕಾರದ ಝೊಆಂಥಿಡ್ ಜೀವಿಗಳನ್ನು ಮಾತ್ರ ಬರಿಗೈಯಿಂದ ಮುಟ್ಟಬಾರದು; ಅವು ಹತ್ತಿದ ಕಲ್ಲನ್ನು ಕುದಿಸಲೇಬಾರದು. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, ಹಬೆಯಿಂದಲೂ ಮನುಷ್ಯರು ಆಸ್ಪತ್ರೆ ಸೇರಿದ್ದಾರೆ.

ಕಳೆದ ಮೇ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ದೀಪವಿಲ್ಲದಾಗ ಪಾಚಿ ಆಮ್ಲಜನಕ ಮಾಡದು. ಮೀನು, ಹವಳ, ಬ್ಯಾಕ್ಟೀರಿಯಾ, ಪಾಚಿ ಎಲ್ಲವೂ ಇದ್ದುದನ್ನೇ ಉಸಿರಾಡುತ್ತವೆ. ಬ್ಯಾಟರಿಯ ಗಾಳಿ ಪಂಪು ನಸುಕಿನ ನಾಲ್ಕಕ್ಕೆ ನಿಂತಿತು. ಮೀನುಗಳು ಮೇಲೆ ಬಂದು ಬಾಯಿಬಿಡತೊಡಗಿದವು. ಅಲ್ಲಿಂದ ಏಳರವರೆಗೆ ಚೊಂಬಿನಿಂದ ನೀರು ಮೊಗೆದು ಮೇಲಿನಿಂದ ಸುರಿಯುತ್ತ ನಿಂತೆ. ಸುರಿದ ನೀರು ಗಾಳಿಯನ್ನು ಸಂಗಡ ಒಯ್ಯುತ್ತದೆ. ಒಂದು ಮೀನು ಸತ್ತಿತು. ತೊಗಲುಹವಳ ಮುದ್ದೆಯಾಗಿ ಬಿದ್ದಿತ್ತು, ಮೂರನೆಯ ದಿನ ಬಿಚ್ಚಿಕೊಂಡಿತು. ವಿದ್ಯುತ್ತು ತಾಸುಗಟ್ಟಲೆ ಹೋಗುವ ಹಳ್ಳಿಯಲ್ಲಿ ಇನ್ವರ್ಟರ್ ಇಲ್ಲದವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಒಳ್ಳೆಯದೆಂದು ನಾನು ಗಿರಾಕಿಗಳಿಗೆ ನೇರವಾಗಿ ಹೇಳುತ್ತೇನೆ.

ಆ ರಾತ್ರಿಯ ಮಾತು ಕೇಳಿದ ಅವ್ವ ತನ್ನ ಕೊರಳ ಸರ ಹಿಡಿದು, “ಹಂಗಾರ ಇದಕ್ಕೂ ಒಮ್ಮೆ ಜೀವ ಇತ್ತೇನೋ?” ಎಂದಳು. ಇತ್ತು ಎಂದೆ. ಆಕೆ ಮತ್ತೆ ಏನೂ ಕೇಳಲಿಲ್ಲ.

ಮೃದು ಹವಳವನ್ನು ಹೆಚ್ಚಿಸುವುದು ನುಗ್ಗೆಯ ಟೊಂಗೆ ನೆಟ್ಟಂತೆ. ಹೊಸ ಬ್ಲೇಡಿನಿಂದ ಕೊಡೆಯ ಒಂದು ತುಂಡು ಕೊಯ್ದು ಸಣ್ಣ ಕಲ್ಲಿನ ಮೇಲಿರಿಸಿ, ಸಡಿಲವಾಗಿ ಬಲೆ ಸುತ್ತಬೇಕು. ಲೋಳೆಯ ಮೈಗೆ ಅಂಟು ನಿಲ್ಲದು. ಎರಡು ಮೂರು ವಾರಗಳಲ್ಲಿ ಅದು ತಾನೇ ಕಲ್ಲಿಗೆ ಹತ್ತಿಕೊಳ್ಳುತ್ತದೆ. ತಾಯಿಯ ಗಾಯವೂ ಮಾಯುತ್ತದೆ. ನಮ್ಮ ಒಂದು ಹವಳದಿಂದ ಈವರೆಗೆ ಹನ್ನೊಂದು ಮರಿಗಳಾಗಿವೆ.

ಹೀಗೆ ತೊಟ್ಟಿಯಲ್ಲಿಯೇ ಬೆಳೆಯುವಾಗ ಕಡಲಿನಿಂದ ಕಿತ್ತು ತರುವ ಅವಶ್ಯಕತೆಯೇನು? ನಮ್ಮ ರಾಜ್ಯದಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿಂದ “ಒಂದು ತುಂಡು ತರಿಸಿಕೊಡ್ರಿ” ಎಂದು ಕೇಳಿದ ಗಿರಾಕಿಯನ್ನೂ ಕಂಡಿದ್ದೇನೆ. ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ, ಕೊಳಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಎಂದರೆ ಹುಲಿಯ ಸಾಲಿಗೆ, ಸೇರಿಸಲಾಯಿತು. ಈ ಪಟ್ಟಿಯ ಜೀವಿಗಳ ವಿಷಯದ ಅಪರಾಧಕ್ಕೆ 3ರಿಂದ 7 ವರ್ಷ ಸೆರೆವಾಸವುಂಟು. ಕೊನೆಯ ಎರಡು ಎಂಟು ಕೈಗಳ ಕುಲದವೇ. ತೊಗಲುಹವಳ ಆ ಪಟ್ಟಿಯಲ್ಲಿಲ್ಲ. ಆದರೂ ಕೊಳ್ಳುವಾಗ ಅಂಗಡಿಯವನಿಗೆ “ಇದು ಎಲ್ಲಿ ಹುಟ್ಟಿದ್ದು?” ಎಂದು ಕೇಳಬೇಕು, ಉತ್ತರ ತಡವರಿಸಿದರೆ ಎದ್ದು ಬರಬೇಕು.

ನೋಡಬಯಸುವ ಸಹಪಾಠಿಗಳು ಸಂಜೆ ಆರರ ಮೇಲೆ ಅಂಗಡಿಗೆ ಬರಬಹುದು. ತೊಟ್ಟಿಯ ದೀಪ ಒಂಬತ್ತಕ್ಕೆ ಆರುತ್ತದೆ.